ಲಾರಿ ಕ್ಯಾಸೆಟ್ಟಿನ ಕನ್ನಡ ಅರ್ಥ

ಯಾವುದಕ್ಕಾದರೂ ಅಭಿಮಾನಿ ಎನ್ನಿಸಿಕೊಂಡವನ ಮಾತನ್ನು ಅರ್ಧ ಮಾತ್ರ ನಂಬಬೇಕು ಎಂಬುದು ನನ್ನ ಅನುಭವ. ಅವನು ಬೇಕೆಂದೇ ಸುಳ್ಳು ಹೇಳುತ್ತಾನೆಂದಲ್ಲ. ಪ್ರೀತಿ ಹೆಚ್ಚಾದಾಗ ಗೊತ್ತಿಲ್ಲದ್ದೂ ಗೊತ್ತಿರುವ ಹಾಗೆ ಅನ್ನಿಸತೊಡಗುತ್ತದೆ. ಬಾಯಿ ಬಿಟ್ಟುಕೊಂಡು ಕೇಳುವವನೊಬ್ಬ ಎದುರಿಗೆ ಸಿಕ್ಕರಂತೂ ಮುಗಿದೇ ಹೋಯಿತು. ಇದನ್ನು ನಾನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ. ಸುಮಾರು ಮೂವತ್ತು ವರ್ಷಗಳಿಂದ ನಾನು ಒಂದು ಇಂಗ್ಲಿಷ್ ರಾಕ್ ಬ್ಯಾಂಡಿನ ಅಭಿಮಾನಿ. ಆ ಬ್ಯಾಂಡಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದರ ನಿಜವಾದ ಅಭಿಮಾನಿಗಳು ನನ್ನನ್ನು ಹುಡುಕಿಕೊಂಡು ಬಂದು ಪ್ರಶ್ನೆ ಕೇಳಬಹುದು, ಆಗ ನನಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಾಗಿಬಿಡುತ್ತದೆ. ಬರುವುದಿಲ್ಲವೆಂದರೆ ಪೂರ್ತಿ ಬರುವುದಿಲ್ಲವೆಂದಲ್ಲ. ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ‘ವಿತ್ ರೆಫರೆನ್ಸ್ ಟು’ ಎಂದು ಶುರುವಾಗುವ ಪತ್ರಗಳನ್ನು ಕಣ್ಣುಮುಚ್ಚಿ ಬರೆಯಬಲ್ಲೆ. ಆದರೆ ರಾಕ್ ಬ್ಯಾಂಡಿನವರು ಯಾಕೋ ತಮ್ಮ ಹಾಡುಗಳನ್ನು ಹಾಗೆ ಶುರುಮಾಡುವುದಿಲ್ಲ.

ನಾನು ಅಭಿಮಾನಿಯಾದದ್ದು ಸಿಂಧನೂರಿನಲ್ಲಿ, ಪಿಯುಸಿ ಓದುತ್ತಿದ್ದಾಗ. ನನ್ನದು ಪಾಮನಕಲ್ಲೂರು, ನನ್ನ ಜೊತೆ ರೂಮಿನಲ್ಲಿದ್ದ ದುರುಗಪ್ಪನದು ಸಂತೆಕಲ್ಲೂರು. ಅವನ ಅಣ್ಣ ಕೊಡಿಸಿದ್ದ ಒಂದು ಟೇಪ್ ರೆಕಾರ್ಡರ್ ನಮ್ಮ ರೂಮಿನ ಏಕೈಕ ಐಶ್ವರ್ಯ. ಬಸ್ ಸ್ಟ್ಯಾಂಡಿನ ಹತ್ತಿರ ಒಂದು ರೆಕಾರ್ಡಿಂಗ್ ಅಂಗಡಿ ಇತ್ತು. ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟರೆ ಅಂಗಡಿಯ ಚಾಚಾ ಖಾಲಿ ಕ್ಯಾಸೆಟ್ಟಿಗೆ ತುಂಬಿಸಿ ಕೊಡುತ್ತಿದ್ದರು. ಯಾವನೋ ಪುಣ್ಯಾತ್ಮ ಒಂದೇ ಇಂಗ್ಲಿಷ್ ಬ್ಯಾಂಡಿನ ಮೂರು ಕ್ಯಾಸೆಟ್ ತುಂಬಿಸಲು ಹೇಳಿ ವರ್ಷವಾದರೂ ಒಯ್ಯಲು ಬಂದಿರಲಿಲ್ಲ. “ಒಯ್ಯಿರಿ ಅತ್ಲಾಗ, ಇವನ್ನ ಕೇಳೋರು ಈ ಊರಾಗ ಯಾರೂ ಇಲ್ಲ” ಎಂದು ಚಾಚಾ ಅವನ್ನು ನಮ್ಮ ಕೈಗೆ ಹಾಕಿದರು. ಹಾಡಿನ ಹೆಸರು, ಹಾಡಿದವರ ಹೆಸರು ಯಾವುದೂ ಅವುಗಳ ಮೇಲಿರಲಿಲ್ಲ; ಬ್ಯಾಂಡಿನ ಹೆಸರು ನಮಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಬೋಳು ಡಬ್ಬಿ ಚೆನ್ನಾಗಿ ಕಾಣುವುದಿಲ್ಲವೆಂದು ಚಾಚಾ ಹಳೆಯ ಕ್ಯಾಲೆಂಡರುಗಳಿಂದ ಚಿತ್ರ ಕತ್ತರಿಸಿ ಅಂಟಿಸುವ ಪದ್ಧತಿ ಇಟ್ಟುಕೊಂಡಿದ್ದರು. ಒಂದಕ್ಕೆ ಟೈರಿನವರ ಲಾರಿ, ಇನ್ನೊಂದಕ್ಕೆ ಗೊಬ್ಬರದವರ ದ್ರಾಕ್ಷಿ ಗೊಂಚಲು, ಮೂರನೆಯದಕ್ಕೆ ಕೊಳಲಿಲ್ಲದ ಒಬ್ಬ ಕೃಷ್ಣ. ಕೊಳಲಿದ್ದ ಭಾಗ ಕತ್ತರಿಗೆ ಹೋಗಿತ್ತು. ಹೀಗಾಗಿ ಜಗತ್ತಿನ ಅಭಿಮಾನಿಗಳು ಆ ಬ್ಯಾಂಡಿನ ಆಲ್ಬಮ್ಮುಗಳನ್ನು ಏನೇನೋ ಹೆಸರಿನಿಂದ ಕರೆದರೂ ನಮ್ಮ ಪಾಲಿಗೆ ಅವು ಲಾರಿ ಕ್ಯಾಸೆಟ್, ದ್ರಾಕ್ಷಿ ಕ್ಯಾಸೆಟ್ ಮತ್ತು ಕೃಷ್ಣನ ಕ್ಯಾಸೆಟ್.

ಮೂರರಲ್ಲಿ ಯಾವುದು ಶ್ರೇಷ್ಠ ಎಂಬ ಬಗ್ಗೆ ನಮ್ಮಿಬ್ಬರಿಗೂ ಒಮ್ಮತವಿರಲಿಲ್ಲ. ನನ್ನದು ದ್ರಾಕ್ಷಿ ಪಕ್ಷ. ಅದರ ಎರಡನೆಯ ಬದಿಯಲ್ಲಿ ಗಿಟಾರಿನವನು ಸುಮಾರು ಆರು ನಿಮಿಷ ಯಾರ ಹಂಗೂ ಇಲ್ಲದೆ ಒಬ್ಬನೇ ಬಾರಿಸುವ ಹಾಡೊಂದಿದೆ. ಈಗಲೂ ಅದನ್ನು ಕೇಳಿದರೆ ಮೇಲಧಿಕಾರಿಗೆ ಎದುರು ಮಾತಾಡಬಹುದೆಂಬ ಧೈರ್ಯ ಬರುತ್ತದೆ, ಹಾಡು ಮುಗಿಯುವವರೆಗೆ. ದುರುಗಪ್ಪ ಮಾತ್ರ ಲಾರಿ ಕ್ಯಾಸೆಟ್ ಬಿಟ್ಟು ಅಲುಗಲಿಲ್ಲ. “ದ್ರಾಕ್ಷ್ಯಾಗ ಬರೇ ಡೌಲಲೇ. ಲಾರಿಯೊಳಗ ಮನಷ್ಯಾ ಅದಾನ” ಎನ್ನುತ್ತಿದ್ದ. ಕೃಷ್ಣನ ಕ್ಯಾಸೆಟ್ ಇಬ್ಬರಿಗೂ ಅಷ್ಟಕ್ಕಷ್ಟೆ. ಬ್ಯಾಂಡಿನವರು ಸುಮ್ಮನಿರದೆ ಆಮೇಲೂ ಆಲ್ಬಮ್ ಮಾಡುತ್ತಲೇ ಹೋದರು, ಈಗಲೂ ಮಾಡುತ್ತಿದ್ದಾರೆ. ಹಳಬರೆಲ್ಲರಿಗೂ ಎಪ್ಪತ್ತು ದಾಟಿದೆ. ಡ್ರಮ್ಮಿನವನು ತೀರಿಕೊಂಡು ಅವನ ಜಾಗಕ್ಕೆ ಅಳಿಯ ಬಂದಿದ್ದಾನೆ. ನನ್ನ ಹೆಂಡತಿ ಶಾಂತಾ ಮೊನ್ನೆ ಫೋನಿನಲ್ಲಿ ಅವರ ಹೊಸ ಹಾಡಿನ ವಿಡಿಯೋ ನೋಡಿ, “ಈ ವಯಸ್ಸಿನ್ಯಾಗ ಇವರಿಗೆ ಒಂದೀಟು ಬಿಸಿ ರೊಟ್ಟಿ ಮಾಡಿ ಹಾಕೋರು ಯಾರೂ ಇಲ್ಲೇನ್ರಿ?” ಎಂದು ನಿಜವಾಗಿ ಮರುಗಿದಳು. ಮೂವತ್ತು ವರ್ಷದಲ್ಲಿ ಆ ಬ್ಯಾಂಡಿನ ಬಗ್ಗೆ ನಮ್ಮ ಮನೆಯಲ್ಲಿ ಬಂದ ಒಂದೇ ಒಳ್ಳೆಯ ಮಾತು ಅದು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ದುರುಗಪ್ಪ ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದ. ನಾನು ಹೇಗೋ ದಾಟಿದೆ. ಆ ಒಂದೇ ಅರ್ಹತೆಯ ಮೇಲೆ ನಾನು ರೂಮಿನ ಇಂಗ್ಲಿಷ್ ಪಂಡಿತನಾಗಿ ನೇಮಕಗೊಂಡೆ. ಹಾಡು ಹಚ್ಚಿದಾಗಲೆಲ್ಲ ಅವನು ಗೋಡೆಗೆ ಒರಗಿ ಕುಳಿತು, “ಏನಂತಾನಲೇ ಅಮರೇಶಾ?” ಎಂದು ಕೇಳುತ್ತಿದ್ದ. ‘ಗೊತ್ತಿಲ್ಲ’ ಎನ್ನುವುದು ಎಷ್ಟು ಸುಲಭವಾಗಿತ್ತು! ಆದರೆ ಅವನು ಕೇಳುವ ರೀತಿಯಲ್ಲಿ ಒಂದು ಭಕ್ತಿ ಇತ್ತು. ಆ ವಯಸ್ಸಿನಲ್ಲಿ ನನ್ನನ್ನು ಯಾರೂ ಅಷ್ಟು ಭಕ್ತಿಯಿಂದ ಏನನ್ನೂ ಕೇಳಿರಲಿಲ್ಲ. ಲಾರಿ ಕ್ಯಾಸೆಟ್ಟಿನ ಮೊದಲ ಹಾಡಿನಲ್ಲಿ ನನಗೆ ತಿಳಿದದ್ದು ‘ನೀರು’ ಮತ್ತು ‘ಇಲ್ಲ’ ಎಂಬ ಎರಡೇ ಶಬ್ದ. ಅಷ್ಟರ ಮೇಲೆ ಕಥೆ ಕಟ್ಟಿದೆ: “ಒಬ್ಬ ರೈತ ಅದಾನ. ಕಾಲುವಿ ಕಡೀ ಮೂಲ್ಯಾಗ ಅವನ ಹೊಲ. ಮ್ಯಾಲಿನವರು ಗೇಟ್ ಇಳಿಸಿ ನೀರು ಕಟ್ಯಾರ. ಇಂವ ಸಲಿಕಿ ಹಿಡಕೊಂಡು ಒಣಾ ಕಾಲುವ್ಯಾಗ ನಿಂತು, ಬರ್ರಲೇ ಒಬ್ಬೊಬ್ಬರ ಅನಾಕತ್ಯಾನ.” ದುರುಗಪ್ಪ ಎದ್ದು ಕುಳಿತ. “ಅಲ್ಲೂ ಹಂಗ ಐತೇನಲೇ?” ಎಂದ. ಡ್ರಮ್ಮಿನ ಪ್ರತಿಯೊಂದು ಪೆಟ್ಟೂ ಸಲಿಕೆಯ ಪೆಟ್ಟಾಗಿ ಅವನಿಗೆ ಕೇಳತೊಡಗಿತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಕೇಳತೊಡಗಿತು.

ಅಲ್ಲಿಂದ ಮುಂದೆ ನನ್ನ ನಾಲಗೆಗೆ ಲಂಗುಲಗಾಮು ಉಳಿಯಲಿಲ್ಲ. ಓದು ಬಿಟ್ಟ ದುರುಗಪ್ಪ ಸಿಂಧನೂರಿನಲ್ಲೇ ಒಂದು ರೈಸ್ ಮಿಲ್ಲಿನಲ್ಲಿ ಮಿಷನ್ ಆಪರೇಟರ್ ಆದ. ನಾನು ಡಿಗ್ರಿಗೆ ಸೇರಿ ಇನ್ನೂ ಮೂರು ವರ್ಷ ಅವನ ಜೊತೆಗೇ ಇದ್ದೆ. ಆ ಮೂರು ವರ್ಷದಲ್ಲಿ ಲಾರಿ ಕ್ಯಾಸೆಟ್ಟಿನ ಹೆಚ್ಚುಕಮ್ಮಿ ಎಲ್ಲ ಹಾಡುಗಳೂ ಕನ್ನಡಕ್ಕೆ ಬಂದವು. ಅದರಲ್ಲಿ ಒಂದು ನಿಧಾನವಾದ ಹಾಡು. ‘ಗೋಡೆ’ ಎಂಬ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ಅಣ್ಣತಮ್ಮಂದಿರು ಪಾಲಾಗಿದ್ದಾರೆ, ನಡುವೆ ಗೋಡೆ ಎದ್ದಿದೆ, ಒಂದು ದಿನ ತಮ್ಮ ಈ ಕಡೆಯಿಂದ ಗೋಡೆ ಬಡಿಯುತ್ತಾನೆ, ಅಣ್ಣ ಆ ಕಡೆಯಿಂದ ಓ ಎನ್ನುತ್ತಾನೆ ಎಂದು ಹೇಳಿದೆ. ಟೇಪ್ ರೆಕಾರ್ಡರ್ ಕೊಡಿಸಿದ್ದ ಅದೇ ಅಣ್ಣನ ಜೊತೆ ದುರುಗಪ್ಪನಿಗೆ ಮನೆ ಪಾಲಾದಾಗಿನಿಂದ ಮಾತಿರಲಿಲ್ಲ. ಸಂತೆಕಲ್ಲೂರಿನ ಅವರ ಅಂಗಳದ ನಡುವೆ ಗೋಡೆ ಎದ್ದಿತ್ತು. ಅದು ನನ್ನ ನೆನಪಿಗೆ ಬರುವಷ್ಟರಲ್ಲಿ ಹಾಡು ಮುಗಿದಿತ್ತು. ಮುಂದಿನ ವಾರ ಅವನು ಮೊದಲ ಬಸ್ಸಿಗೆ ಊರಿಗೆ ಹೋದ. ಸಂಜೆ ತಿರುಗಿ ಬಂದವನ ಮುಖ ಬೇರೆಯೇ ಆಗಿತ್ತು. “ಗ್ವಾಡಿ ಬಡದೆ. ಯಾರದು ಅಂದ. ನಾನಣ್ಣಾ ಅಂದೆ. ಹಾಡಿನ್ಯಾಗ ಹೆಂಗೈತಿ ಹಂಗ ಆತು ನೋಡು” ಎಂದ. ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಹೆಮ್ಮೆಯನ್ನು ಇಟ್ಟುಕೊಂಡು ಸಂಕಟವನ್ನು ಮರೆತೆ.

ಇನ್ನೊಂದು ಹಾಡಿನಲ್ಲಿ ನನಗೆ ತಿಳಿದದ್ದು ‘ಅವಳು’ ಮತ್ತು ‘ಓಡು’. ಅದನ್ನು ಒಬ್ಬ ತಾಯಿ ಮಗಳಿಗೆ ಹೇಳುವ ಮಾತು ಎಂದಿದ್ದೆ: ಓಡು ಮಗಳೇ, ನಿಂದಂತ ಒಂದು ಪಗಾರ ಕೈಗೆ ಬರೋಮಟ ನಿಲ್ಲಬ್ಯಾಡ. ಎಷ್ಟೋ ವರ್ಷಗಳ ಮೇಲೆ ದುರುಗಪ್ಪನ ಮಗಳು ರೇಣುಕಾ ಹತ್ತನೆಯ ತರಗತಿ ಮುಗಿಸಿದಾಗ ಮನೆಯಲ್ಲಿ ಮದುವೆಯ ಮಾತು ಬಂತಂತೆ. ಇವನು ಒಳಗಿನಿಂದ ಕ್ಯಾಸೆಟ್ ತಂದು, ಆ ಹಾಡು ಹಚ್ಚಿ, ಬಂದ ನೆಂಟರಿಗೆಲ್ಲ ಅರ್ಥ ಬಿಡಿಸಿ ಹೇಳಿದನಂತೆ. ಇಂಗ್ಲಿಷಿನವರೇ ಹೇಳಿದ ಮೇಲೆ ನೆಂಟರೇನು ಹೇಳುತ್ತಾರೆ? ಹುಡುಗಿ ರಾಯಚೂರಿನಲ್ಲಿ ನರ್ಸಿಂಗ್ ಓದಿ ಈಗ ಅಲ್ಲೇ ನೌಕರಿಯಲ್ಲಿದ್ದಾಳೆ.

ಅಷ್ಟು ಹೊತ್ತಿಗೆ ನನಗೆ ಲಿಂಗಸುಗೂರಿನಲ್ಲಿ ಕೆಲಸ ಸಿಕ್ಕು ಎಷ್ಟೋ ಕಾಲವಾಗಿತ್ತು. ಸಂಸಾರ, ಕಚೇರಿ, ಇಲೆಕ್ಷನ್ ಡ್ಯೂಟಿ ಎಂದು ದಿನ ಹೋಗುತ್ತಿದ್ದವು. ದುರುಗಪ್ಪ ಮದುವೆ ಮುಂಜಿಗಳಲ್ಲಿ ಸಿಗುತ್ತಿದ್ದ. ಸಿಕ್ಕಾಗಲೆಲ್ಲ ಹಾಡುಗಳ ಮಾತು. ಮಿಲ್ಲಿನ ಹಮಾಲರಿಗೆಲ್ಲ ತಾನು ಆ ಅರ್ಥಗಳನ್ನು ಹೇಳಿರುವುದಾಗಿಯೂ, ನೀರಿನ ಹಾಡು ಅವರಿಗೆ ಬಹಳ ಹಿಡಿಸಿರುವುದಾಗಿಯೂ ಹೇಳುತ್ತಿದ್ದ.

ಹೋದ ವರ್ಷ ನನ್ನ ಫೋನಿಗೆ ಒಂದು ಕೆಟ್ಟ ವಿದ್ಯೆ ಬಂತು. ಹಾಡು ಹಚ್ಚಿದರೆ ಕೆಳಗೆ ಸಾಹಿತ್ಯ ಮೂಡುತ್ತದೆ, ಇನ್ನೊಂದು ಕಡೆ ಒತ್ತಿದರೆ ಅದು ಕನ್ನಡವೂ ಆಗುತ್ತದೆ. ಕಚೇರಿಯಲ್ಲಿ ಊಟದ ಡಬ್ಬಿ ತೆರೆದಿಟ್ಟುಕೊಂಡು ಆಸೆಯಿಂದ ಲಾರಿ ಕ್ಯಾಸೆಟ್ಟಿನ ಹಾಡುಗಳನ್ನು ಒಂದೊಂದಾಗಿ ನೋಡಿದೆ. ನೀರಿನ ಹಾಡು ಹೆದ್ದಾರಿಯಲ್ಲಿ ಕೆಟ್ಟು ನಿಂತ ಕಾರಿನದು. ರೇಡಿಯೇಟರಿನಲ್ಲಿ ನೀರಿಲ್ಲ ಎಂದು ಅವನು ಬೈಯುತ್ತಿದ್ದಾನೆ. ಗೋಡೆಯ ಹಾಡಿನಲ್ಲಿ ಲಾಡ್ಜಿನ ಪಕ್ಕದ ರೂಮಿನವರು ಗದ್ದಲ ಮಾಡುತ್ತಿದ್ದಾರೆ, ಇವನಿಗೆ ನಿದ್ದೆ ಬರುತ್ತಿಲ್ಲ. ಓಡುತ್ತಿದ್ದವಳು ಒಂದು ಹೆಣ್ಣು ಕುದುರೆ. ಅದರ ಮೇಲೆ ಪಂದ್ಯ ಕಟ್ಟಿ ಸೋತವನು ಅಳುತ್ತಿದ್ದಾನೆ. ಅಂದು ನಾನು ಊಟ ಮಾಡಲಿಲ್ಲ. ರಾಕ್ ಬ್ಯಾಂಡಿನವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಅಂಥ ರಾಗ ಇಟ್ಟುಕೊಂಡು ರೇಡಿಯೇಟರಿನ ಬಗ್ಗೆ ಹಾಡುತ್ತಾರೆಯೇ ಯಾರಾದರೂ?

ಯಾರಿಗೂ ಹೇಳದೆ ಇದ್ದರೆ ಆಗುತ್ತಿತ್ತು. ಆದರೆ ದುರುಗಪ್ಪನ ಹೆಂಡತಿ ಹುಲಿಗೆಮ್ಮ ಫೋನ್ ಮಾಡಿದಳು. “ಅಣ್ಣಾ, ಇವರಿಗೆ ಕಿವಿ ಕೇಳವಲ್ವು. ಮಿಲ್ಲಿನ ಸಪ್ಪಳಕ್ಕ ನರ ಹೋಗ್ಯಾವಂತ. ಬಲಗಿವಿ ಪೂರಾ ಹೋಗೇತಿ, ಎಡಗಿವಿನೂ ಇನ್ನೊಂದು ಆರು ತಿಂಗಳು ಅಂದಾರ ರಾಯಚೂರಾಗ. ಕಿವಿಗೆ ಮಿಷನ್ ಹಾಕ್ಕೊಂಡ್ರ ಮಂದಿ ಮಾತು ಒಂದೀಟು ತಿಳೀತಾವಂತ, ಹಾಡು ಮಾತ್ರ ಬರೇ ಗರಗರ ಅಂತಾವಂತ” ಎಂದಳು. ಮತ್ತೆ ಹೇಳಿದಳು: “ಅತ್ತಿಲ್ಲ ಅಣ್ಣಾ. ಒಂದ ಮಾತು ಅಂದ್ರು. ಹಾಡು ಹೋದ್ರ ಹೋಗ್ಲಿ, ಅರ್ಥ ಅಮರೇಶನ ಕಡೆ ಅದಾವ, ಒಂದು ವಹಿಯೊಳಗ ಬರಿಸಿಕೊಂತೀನಿ, ಓದಿಕೊಂತ ಇರ್ತೀನಿ ಅಂದ್ರು.”

ಎರಡು ವಾರ ನಾನು ಆ ಬರವಣಿಗೆಗೆ ಕುಳಿತೆ, ಎದ್ದೆ. ಸುಳ್ಳನ್ನೇ ಬರೆಯಲು ಹೋದರೆ ಕೈ ಬರಲಿಲ್ಲ. ಬಾಯಲ್ಲಿ ಆಡಿದ ಸುಳ್ಳು ಗಾಳಿಗೆ ಹೋಗುತ್ತದೆ, ಕಾಗದದ ಮೇಲಿನದು ಹಾಗಲ್ಲ ಎಂಬುದು ಇಪ್ಪತ್ತು ವರ್ಷ ಫೈಲು ನೋಡಿದವನಿಗೆ ಗೊತ್ತಿರುತ್ತದೆ. ನಿಜವನ್ನು ಬರೆಯೋಣವೆಂದರೆ, ಕಿವಿ ಕಳೆದುಕೊಂಡವನ ಕೈಗೆ ರೇಡಿಯೇಟರ್ ಕೊಡುವುದೇ? ಶಾಂತಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. “ಅವರಿಗೆ ಕೇಳ್ತಿರೋತನಾನರ ಖರೇ ಹೇಳಿ ಬಿಡ್ರಿ. ಆಮ್ಯಾಲೆ ಹೇಳ್ತೀನಂದ್ರ ಅವರಿಗೆ ಕೇಳಂಗೂ ಇಲ್ಲ, ನಿಮಗ ಹೇಳಾಕ ಬಾಯೂ ಬರಂಗಿಲ್ಲ” ಎಂದಳು. ಅವಳು ನನ್ನ ಜೊತೆ ಇಷ್ಟು ಗಂಭೀರವಾಗಿ ಮಾತಾಡಿದ್ದು ಕಡಿಮೆ.

ಮಸ್ಕಿಯಲ್ಲಿ ಸೇರುವುದೆಂದು ತೀರ್ಮಾನವಾಯಿತು. ಅವನು ಸಿಂಧನೂರಿನಿಂದ, ನಾನು ಲಿಂಗಸುಗೂರಿನಿಂದ; ಇಬ್ಬರಿಗೂ ಅರ್ಧ ದಾರಿ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಹೇಳಿ ಕುಳಿತೆವು. ದುರುಗಪ್ಪ ಬಹಳ ಇಳಿದಿದ್ದ. ಹೊಸ ವಹಿಯೊಂದನ್ನು ಟೇಬಲ್ಲಿನ ಮೇಲಿಟ್ಟು, ಪೆನ್ನಿನ ಕ್ಯಾಪ್ ತೆಗೆದು, ನನ್ನ ಬಾಯಿಯನ್ನೇ ನೋಡತೊಡಗಿದ. ಅಪರಾಧ ಒಪ್ಪಿಕೊಳ್ಳುವ ಮಾತನ್ನು ಯಾರಾದರೂ ಮೆಲ್ಲಗೆ, ತಲೆ ತಗ್ಗಿಸಿಯೇ ಆಡುತ್ತಾರೆ. ನಾನೂ ಹಾಗೆಯೇ ಶುರುಮಾಡಿದೆ.

“ಹಾಂ? ಜೋರ ಹೇಳಲೇ” ಎಂದ.

ಇನ್ನೊಂದು ಸಲ ಹೇಳಿದೆ. ಅವನು ಕುರ್ಚಿ ಎಳೆದು ಎಡಗಿವಿಯನ್ನು ನನ್ನತ್ತ ತಿರುಗಿಸಿದ. ಹೊರಗೆ ಬಸ್ಸಿನವನು ಹಾರನ್ ಹೊಡೆಯುತ್ತಿದ್ದ. ಮೂರನೆಯ ಸಲ ನನ್ನ ಧ್ವನಿ ನನ್ನ ಕೈಮೀರಿ ಹೋಯಿತು: “ದುರುಗಪ್ಪಾ, ನಾ ಹೇಳಿದ್ದೆಲ್ಲಾ ಸುಳ್ಳು! ನೀರಿಂದು ಸುಳ್ಳು, ಗ್ವಾಡಿದು ಸುಳ್ಳು, ಎಲ್ಲಾ ನಾನ ಕಟ್ಟಿದ್ದು!”

ಮಾಲಿಕ ಮಿರ್ಚಿ ತೆಗೆಯುವ ಜಾರವನ್ನು ಎಣ್ಣೆಯ ಮೇಲೆ ಎತ್ತಿ ಹಿಡಿದುಕೊಂಡೇ ನಿಂತ. ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ರುಮಾಲಿನ ಹಿರಿಯರೊಬ್ಬರು ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, “ಸಮಾಧಾನ ತಮ್ಮಾ. ಹೊಲದ ಪಾಲೇನು, ಮನಿ ಪಾಲೇನು? ನಾಕು ಮಂದಿ ಕೂತು ಬಗಿಹರಿಸೂಣು” ಎಂದರು. “ಹಾಡಿಂದ್ರೀ ಯಜಮಾನ್ರ” ಎಂದೆ. ಅವರು ನನ್ನ ಹೆಗಲಿನಿಂದ ಕೈ ತೆಗೆದು, “ಹಾಡಿಂದಾದ್ರ ನಮಗ ಬಗಿಹರಿಯಂಗಿಲ್ಲ ಬಿಡಪಾ” ಎಂದು ತಮ್ಮ ಚಹಾಕ್ಕೆ ವಾಪಸಾದರು.

ದುರುಗಪ್ಪ ಪ್ಲೇಟನ್ನು ದೂರ ಸರಿಸಿದ. “ಮೂವತ್ತು ವರ್ಷ ಮಂಗ್ಯಾ ಮಾಡಿದೇನಲೇ ನನ್ನ? ಮಿಲ್ಲಿನ್ಯಾಗ ಎಲ್ಲಾರಿಗೂ ಹೇಳೀನಲ್ಲೋ” ಎಂದ. ಕಿವಿ ಕೇಳದವರ ಮಾತಿಗೆ ಸಣ್ಣ ಧ್ವನಿ ಇರುವುದಿಲ್ಲ. ಅದೂ ಎಲ್ಲರಿಗೂ ಕೇಳಿಸಿತು. ನನಗೆ ಅಳು ಬಂತು. ಐವತ್ತರ ಹತ್ತಿರದ ಗುಮಾಸ್ತನೊಬ್ಬ ಮಸ್ಕಿಯ ಹೋಟೆಲಿನಲ್ಲಿ ಮಿರ್ಚಿ ಮುಂದಿಟ್ಟುಕೊಂಡು ಅತ್ತರೆ ಜನ ಖಾರ ಹತ್ತಿತೆಂದೇ ತಿಳಿಯುತ್ತಾರೆ. ಯಾರೋ ನೀರು ತಂದಿಟ್ಟರು.

ದುರುಗಪ್ಪ ಆ ನೀರಿನ ಲೋಟವನ್ನು ನನ್ನ ಕಡೆ ಸರಿಸಿ ಕೇಳಿದ: “ನಮ್ಮ ರೇಣುಕಾನ ಹಾಡು? ಅದೇನೈತಿ ಖರೇ?”

“ಕುದುರಿ” ಎಂದು ಎಡಗಿವಿಯಲ್ಲಿ ಕೂಗಿದೆ. “ಪಂದ್ಯದ ಕುದುರಿ.”

“ಗೆದ್ದತೇನು?”

“ಇಲ್ಲ. ಸೋತತಿ.”

“ನಮ್ಮಾಕಿ ಗೆದ್ದಳು ಬಿಡು” ಎಂದ. “ನಮ್ಮಣ್ಣ ಹೋಗಿ ಎರಡು ವರ್ಷ ಆತು. ಆವತ್ತು ಗ್ವಾಡಿ ಬಡೀದಿದ್ರ ಅವನ ಮಾರಿನೂ ನಾ ನೋಡ್ತಿದ್ದಿಲ್ಲ” ಎಂದು, ಪ್ಲೇಟನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, ವಹಿಯನ್ನು ನನ್ನ ಕಡೆ ತಳ್ಳಿದ. “ಬರಿ. ಆವಾಗ ಏನು ಹೇಳಿದ್ದಿಯಲ್ಲ, ಅದನ್ನ ಬರಿ. ನಿನ್ನ ಕುದುರಿ ಗಿದುರಿ ನನಗ ಬ್ಯಾಡ.”

ಬರೆಯಲು ಕುಳಿತರೆ ನನಗೇ ನನ್ನ ಸುಳ್ಳುಗಳು ನೆನಪಿರಲಿಲ್ಲ. ಅವನಿಗೆ ಅಕ್ಷರಶಃ ನೆನಪಿದ್ದವು. ಅವನು ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಅಲ್ಲಲ್ಲಿ ನಾನು ಹೇಳಿರಲಾರದ ಒಳ್ಳೊಳ್ಳೆಯ ಮಾತುಗಳೂ ಬಂದವು. ನೀರಿನ ಹಾಡಿನಲ್ಲಿ ಈಗ ಕೊನೆಗೆ ಗೇಟು ಎತ್ತಿ ನೀರು ಬಿಡುತ್ತಾರೆ. ಅದು ಹಮಾಲರು ಕೂಡಿಸಿದ್ದಂತೆ. ನಾನು ಚಕಾರವೆತ್ತದೆ ಬರೆದುಕೊಂಡೆ. ಒಂಬತ್ತು ಹಾಡು ಮುಗಿಯುವ ಹೊತ್ತಿಗೆ ಎರಡು ಸಲ ಚಹಾ ಬಂದಿತ್ತು.

“ಇನ್ನೊಂದು ಉಳೀತು” ಎಂದ. “ಕಡೀದು. ಡ್ರಮ್ ಇಲ್ಲದ್ದು, ಬರೇ ಗಿಟಾರ್ ಇರೋದು. ಅದರ ಅರ್ಥ ನೀ ಹೇಳಲೇ ಇಲ್ಲ. ಕೇಳಿದ್ರ, ಇದಕ್ಕ ಅರ್ಥ ಇಲ್ಲ ಬಿಡಲೇ ಅಂದಿದ್ದಿ.”

ಅಂದಿದ್ದೆ. ಲಿಂಗಸುಗೂರಿನ ನೌಕರಿಯ ಆರ್ಡರ್ ಕೈಗೆ ಬಂದ ವಾರವೇ ಅವನು ಅದನ್ನು ಕೇಳಿದ್ದ. ಇಡೀ ಕ್ಯಾಸೆಟ್ಟಿನಲ್ಲಿ ನನಗೆ ಪೂರ್ತಿಯಾಗಿ ತಿಳಿದದ್ದು ಆ ಹಾಡೊಂದೇ. ಐದನೆಯ ತರಗತಿಯ ಪಾಠದಷ್ಟು ಸರಳವಾದ ಇಂಗ್ಲಿಷ್. ತಿಳಿದಿದ್ದರಿಂದಲೇ ಹೇಳಿರಲಿಲ್ಲ. ಇವತ್ತು ಸತ್ಯ ಹೇಳಲೆಂದೇ ಬಂದವನು ನಾನು. ಅವನ ಎಡಗಿವಿಗೆ ಬಾಯಿಟ್ಟು ಹೇಳಿದೆ: “ಒಬ್ಬಾಂವ ನೌಕರಿ ಹತ್ತಿ ಬ್ಯಾರೆ ಊರಿಗೆ ಹೋಗ್ತಾನ. ಪ್ರತಿ ಐತವಾರ ಬರ್ತೀನಂತ ದೋಸ್ತಗ ಹೇಳಿರ್ತಾನ. ದೋಸ್ತ ಹೋಗಿ ಸ್ಟೇಶನ್ನಿನ್ಯಾಗ ಕುಂದರ್ತಾನ. ಇಂವ ಬರಂಗಿಲ್ಲ. ಮುಂದಿನ ಐತವಾರನೂ ಬರಂಗಿಲ್ಲ. ಆಮ್ಯಾಲೆ ಬರೂದನ್ನ ಬಿಟ್ಟುಬಿಡ್ತಾನ.”

ದುರುಗಪ್ಪ ನನ್ನನ್ನು ದಿಟ್ಟಿಸಿ ನೋಡಿದ. ಆಮೇಲೆ ತಲೆಯಾಡಿಸಿದ. “ಇದು ಸುಳ್ಳೈತಿ.”

“ಅಮರೇಶ್ವರನಾಣಿ ಖರೇ. ಇದೊಂದ ಖರೇ.”

“ಸುಳ್ಳಲೇ. ಮೊದಲಿನಂಗ ಕಟ್ಟಾಕ ಬರವಲ್ದು ಈಗ ನಿನಗ. ಇಂಥಾದಕ್ಕ ಯಾರರ ಅಷ್ಟು ಚಂದ ಗಿಟಾರ್ ಬಾರಸ್ತಾರೇನು? ಬ್ಯಾರೆ ಹೇಳು.”

ಸುಳ್ಳುಗಳನ್ನೆಲ್ಲ ನಂಬಿದ್ದವನು, ಆಣೆ ಮಾಡಿ ಹೇಳಿದ ಒಂದು ನಿಜವನ್ನು ನಂಬಲಿಲ್ಲ. ನಾನು ಬೇರೆ ಹೇಳಿದೆ. ಅದರಲ್ಲಿ ಒಬ್ಬ ನೌಕರಿ ಹತ್ತಿ ಬೇರೆ ಊರಿಗೆ ಹೋಗುತ್ತಾನೆ, ಪ್ರತಿ ಐತವಾರವೂ ಬರುತ್ತಾನೆ, ಇಬ್ಬರೂ ಕುಳಿತು ಚಹಾ ಕುಡಿಯುತ್ತಾರೆ. “ಹಾಂ, ಇದು ಖರೇ. ಇದನ್ನ ಬರಿ” ಎಂದ. ಬರೆದೆ. ಅವನು ವಹಿಯನ್ನು ತನ್ನ ಕಡೆ ತಿರುಗಿಸಿಕೊಂಡು ಬೆರಳಿಟ್ಟು ನಿಧಾನವಾಗಿ ಓದಿದ. ಓದಿ ಮುಗಿಸಿ, ನನ್ನ ಮುಖ ನೋಡದೆಯೇ ಕೇಳಿದ:

“ಎಷ್ಟು ಗಂಟೆ ಬಸ್ಸಿಗೆ ಬರ್ತಾನ ಇಂವ?”

ನಾನು ಪೆನ್ನು ತೆಗೆದುಕೊಂಡು ‘ಒಂಬತ್ತು ಗಂಟೆಯ ಬಸ್ಸಿಗೆ’ ಎಂದು ಸೇರಿಸಿದೆ.